ಕಣ್ಣಿನ ಕಾರ್ನಿಯಾ (ಮುಂಭಾಗದ ಪಾರದರ್ಶಕ ಪದರ) ಎಷ್ಟು ಗಟ್ಟಿ ಅಂತ ಮುಟ್ಟದೆಯೇ ಬೆಳಕಿನಿಂದ ಅಳೆಯಬಹುದಾ?

ಅಳೆಯಬಹುದು. ನಮ್ಮ ಚಿಕ್ಕಮಗಳೂರಿನ ತೋಟಗಳಲ್ಲಿ ಕಾಫಿ ಹಣ್ಣನ್ನು ಬೆರಳಲ್ಲಿ ಅದುಮಿ ಹದ ನೋಡುತ್ತೇವಲ್ವಾ, ಕಣ್ಣನ್ನು ಹಾಗೆ ಪದರ ಪದರವಾಗಿ ಅದುಮಿ ನೋಡಲು ಆಗುವುದಿಲ್ಲ. ಅದಕ್ಕೇ ಬ್ರಿಲುವಾನ್ ಮೈಕ್ರೋಸ್ಕೋಪ್ ಬೇಕು.

ಯಾವ ವಸ್ತುವಿನೊಳಗೂ ಶಾಖದಿಂದಾಗಿ ತೀರಾ ಸಣ್ಣ ಶಬ್ದದ ಅಲೆಗಳು ಸದಾ ಓಡಾಡುತ್ತಿರುತ್ತವೆ. ಲೇಸರ್ ಬೆಳಕು ಅವಕ್ಕೆ ತಾಗಿ ಚದುರಿದಾಗ ಅದರ ಆವರ್ತನ ಚೂರು ಬದಲಾಗುತ್ತದೆ. ಫ್ರಾನ್ಸಿನ ಭೌತವಿಜ್ಞಾನಿ ಲಿಯೋನ್ ಬ್ರಿಲುವಾನ್ ಇದನ್ನು 1922ರಲ್ಲೇ ಲೆಕ್ಕ ಹಾಕಿ ಹೇಳಿದ್ದರು. ಸಾಮಾನ್ಯವಾಗಿ ಗಟ್ಟಿ ಜಾಗದಲ್ಲಿ ಶಬ್ದ ವೇಗವಾಗಿ ಓಡುತ್ತದೆ, ಬದಲಾವಣೆಯೂ ಜಾಸ್ತಿ. ಮೆತ್ತನೆಯ ಕಡೆ ಕಮ್ಮಿ.

ಎಷ್ಟು ಅಂತೀರಾ? 532 ನ್ಯಾನೋಮೀಟರಿನ ಹಸಿರು ಲೇಸರನ್ನು ನೀರಿಗೆ ಬಿಟ್ಟು, ಹಿಂದಕ್ಕೆ ಚದುರಿದ ಬೆಳಕನ್ನು ನೋಡಿದರೆ ಆವರ್ತನದ ಬದಲಾವಣೆ ಸುಮಾರು 7.5 ಗಿಗಾಹರ್ಟ್ಸ್. ಬೆಳಕಿನ ಆವರ್ತನದಲ್ಲಿ ಇದು 75,000ಕ್ಕೆ ಒಂದು ಪಾಲು! ಇದನ್ನು ಹಿಡಿಯುವುದೇ ಇಲ್ಲಿನ ದೊಡ್ಡ ಸಾಹಸ.

ಲೇಸರನ್ನು ಒಂದೊಂದೇ ಬಿಂದುವಿಗೆ ಸರಿಸುತ್ತಾ ಹೋದರೆ ಗಟ್ಟಿತನದ ನಕ್ಷೆಯೇ ಸಿಗುತ್ತದೆ. ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುವ ಕೆರಟೋಕೋನಸ್ ಕಾಯಿಲೆಯಲ್ಲಿ ಉಬ್ಬಿದ ಭಾಗ ಮೆತ್ತಗಾಗಿರುವುದು ಇದರಲ್ಲಿ ಕಂಡಿದೆ.

ಆದರೆ ಅಂಗಾಂಶದ ನೀರಿನಂಶ ಬದಲಾದರೂ ಈ ಅಂಕಿ ಬದಲಾಗುತ್ತದೆ. ಅದನ್ನು ನೋಡದೆ ಸುಮ್ನೆ ‘ಮೆತ್ತಗಾಗಿದೆ’ ಅನ್ನಬಾರದು.