ಸಂಪಾದಕರ ಉತ್ತರ: ಚೀಟಿಯಲ್ಲಿ ಎರಡು ಪ್ರಶ್ನೆ

ಸಕಲೇಶಪುರ ತಾಲ್ಲೂಕಿನ ಪ್ರೌಢಶಾಲಾ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "ಒಂದೇ ದಿನದ ತರಬೇತಿ ಕೊಟ್ಟು ನನ್ನನ್ನು ಶಾಲೆಯ ಆಪ್ತಸಮಾಲೋಚಕಿ ಮಾಡಿದ್ದಾರೆ. ಕಾಫಿ ತೋಟದ ಕಾರ್ಮಿಕರ ಲೈನ್‌ಮನೆಗಳಿಂದ ಬರುವ ಮಕ್ಕಳಿಗೆ ಎಸ್ಸೆಸ್ಸೆಲ್ಸಿ ಆಚೆ ಓದುವ ಆಸೆಯೇ ಇಲ್ಲ. ಆಸೆ ಹುಟ್ಟಿಸುವುದು ಹೇಗೆ?"

ಮೇಡಂ, ಆಸೆ ಇಲ್ಲವೆಂದು ತೀರ್ಮಾನಿಸುವ ಮೊದಲು, ಎಂಟನೇ ತರಗತಿಯ ಪ್ರತಿ ಮಗುವಿಗೂ ಒಂದು ಚೀಟಿ ಕೊಡಿ. ಎಲ್ಲಿಯವರೆಗೆ ಓದಬೇಕು ಅಂತ ಆಸೆ? ನಿಜಕ್ಕೂ ಎಲ್ಲಿಯವರೆಗೆ ಓದಲು ಆಗುತ್ತೆ ಅನ್ನಿಸುತ್ತೆ? ಈ ಎರಡು ಪ್ರಶ್ನೆಗೆ ಉತ್ತರ ಬರೆಸಿ. ಮೊದಲನೆಯದಕ್ಕೆ ನರ್ಸಿಂಗ್, ಎರಡನೆಯದಕ್ಕೆ ಎಸ್ಸೆಸ್ಸೆಲ್ಸಿ ಎಂದು ಬರೆದ ಹುಡುಗಿಗೆ ಆಸೆ ಇದೆ, ದಾರಿ ಕಾಣುತ್ತಿಲ್ಲ. ಅವಳಿಗೆ ಸಾಧಕರ ಕಥೆ ಹೇಳಿ ಪ್ರಯೋಜನವಿಲ್ಲ. ಪಿಯು ಕಾಲೇಜಿಗೆ ಬಸ್ಸು ಎಷ್ಟು ಹೊತ್ತಿಗೆ, ಜುಲೈ ಮಳೆಯಲ್ಲಿ ಸಂಜೆ ಮನೆ ಸೇರುವುದು ಹೇಗೆ, ಹಾಸ್ಟೆಲ್ಲಿಗೆ ಅರ್ಜಿ ಹಾಕುವವರು ಯಾರು ಎಂಬುದನ್ನು ಅವಳ ಜೊತೆ ಕೂತು ಬಿಡಿಸಬೇಕು. ಬಿಎಸ್ಸಿ ನರ್ಸಿಂಗ್‌ಗೆ ಪಿಯುಸಿಯಲ್ಲಿ ಜೀವಶಾಸ್ತ್ರ ಬೇಕೇ ಬೇಕು. "ಕಾಮರ್ಸ್ ಸುಲಭ" ಎಂದು ಯಾರೋ ಸೇರಿಸಿಬಿಟ್ಟರೆ ಆ ದಾರಿ ಅಲ್ಲಿಗೇ ತಪ್ಪಿತು.

ದಾರಿಗಳನ್ನು ನೀವು ಬಾಯಿಪಾಠದಂತೆ ತಿಳಿದಿರಬೇಕು. ಐಟಿಐಗೆ ಹೋದರೆ ಓದು ಮುಗಿಯಿತು ಎಂಬುದು ತಪ್ಪು. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೂ, ಡಿಪ್ಲೊಮಾ ಆದವರು ಬಿಇ ಎರಡನೇ ವರ್ಷಕ್ಕೂ ಸೇರಬಹುದು. ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ತರಗತಿಯವರಿಗೆ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆ ಇದೆ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಇನ್ನೊಂದು, ಸಿಇಟಿಯ ಗ್ರಾಮೀಣ ಮೀಸಲಾತಿಗೆ 1ರಿಂದ 10ನೇ ತರಗತಿವರೆಗೆ ಹತ್ತೂ ವರ್ಷ ಹಳ್ಳಿಯಲ್ಲೇ ಓದಿರಬೇಕು. ಒಂಬತ್ತಕ್ಕೆ ಮಗುವನ್ನು ಹಾಸನದ ಶಾಲೆಗೆ ಸೇರಿಸಲು ಹೊರಟ ತಂದೆತಾಯಿಗೆ ಇದನ್ನು ಮೊದಲೇ ಹೇಳಿ.

ಒಂದು ದಿನದ ತರಬೇತಿ ಸಾಲದು ಎಂಬ ನಿಮ್ಮ ದೂರು ನ್ಯಾಯವಾದದ್ದೇ. ಉಪನ್ಯಾಸ ಕೇಳಿ ಯಾರೂ ಕೇಳಿಸಿಕೊಳ್ಳುವುದನ್ನು ಕಲಿಯಲಾರರು. ಅಕ್ಕಪಕ್ಕದ ಶಾಲೆಯ ಇಬ್ಬರನ್ನು ಸೇರಿಸಿಕೊಂಡು ತಿಂಗಳಿಗೊಮ್ಮೆ ಕೂರಿ. ಒಬ್ಬರು ಮಗುವಾಗಿ ಮಾತಾಡಲಿ, ಒಬ್ಬರು ಕೇಳಲಿ, ಮೂರನೆಯವರು ಗಡಿಯಾರ ಇಟ್ಟುಕೊಂಡು ಬರೆಯಲಿ. ಹತ್ತು ನಿಮಿಷಕ್ಕೊಮ್ಮೆ ಪಾತ್ರ ಬದಲಿಸಿ. ಬರೆಯುವವರು ಗುರುತು ಮಾಡಬೇಕಾದ್ದು ಒಂದೇ: ಮೊದಲ ಬುದ್ಧಿಮಾತು ಎಷ್ಟನೇ ನಿಮಿಷಕ್ಕೆ ಬಂತು? ಪಾಠ ಹೇಳಿ ರೂಢಿಯಾದವರಿಗೆ ಅದು ಬಹುಬೇಗ ಬಂದುಬಿಡುತ್ತದೆ. ಆಮೇಲೆ ಮಗು "ಹೂಂ ಮಿಸ್" ಬಿಟ್ಟು ಬೇರೇನೂ ಹೇಳುವುದಿಲ್ಲ. ಇನ್ನೂ ಕಲಿಯುವ ಮನಸ್ಸಿದ್ದರೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಎನ್‌ಸಿಇಆರ್‌ಟಿಯ ಸಮಾಲೋಚನಾ ಡಿಪ್ಲೊಮಾ ಬಗ್ಗೆ ವಿಚಾರಿಸಿ.

"ಯಾರಿಗೂ ಹೇಳಲ್ಲ" ಎಂದು ಮಾತ್ರ ಮಗುವಿಗೆ ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಪೋಕ್ಸೊ ಕಾಯ್ದೆಯಂತೆ ನೀವು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098. "ನಿನಗೆ ಅಪಾಯ ಇದ್ದರೆ ಮಾತ್ರ ಹೇಳ್ತೀನಿ, ಹೇಳೋ ಮುಂಚೆ ನಿನಗೆ ತಿಳಿಸ್ತೀನಿ" ಎಂದು ಮೊದಲ ದಿನವೇ ಹೇಳಿ.

ಪೋಷಕರ ಸಭೆಗೆ ಯಾರೂ ಬರುವುದಿಲ್ಲ ಎಂದಿದ್ದೀರಿ. ಡಿಸೆಂಬರ್‌ನಲ್ಲಿ ಹಗಲು ಕರೆದರೆ ಬರುವುದು ಹೇಗೆ? ಕಾಫಿ ಕುಯ್ಲಿನ ಸಮಯ, ಒಂದು ಹೊತ್ತು ಬಿಟ್ಟರೂ ಕೂಲಿ ಹೋಯಿತು. ವಾರದ ರಜೆ ಯಾವತ್ತು ಎಂದು ಕೇಳಿಕೊಂಡು, ಸಂಜೆ ಲೈನ್‌ಮನೆಯ ಹತ್ತಿರವೇ ಹೋಗಿ. ಮಗುವಿನ ಚೀಟಿ ತೋರಿಸಲು ಮೊದಲು ಮಗುವಿನ ಒಪ್ಪಿಗೆ ಕೇಳಿ.