ಬೆಳಿಗ್ಗೆ 98, ಸಂಜೆ 246: ಕಿಡ್ನಿ ಕಸಿಯಾದವರ ಶುಗರ್ ಪ್ರಶ್ನೆಗಳು

ಕಿಡ್ನಿ ಕಸಿಯ ನಂತರ ಕಾಣಿಸಿಕೊಳ್ಳುವ ಸಕ್ಕರೆ ಕಾಯಿಲೆ ಮತ್ತು ಏರುವ ಮೈತೂಕದ ಬಗ್ಗೆ ಓದುಗರು ಕೇಳಿರುವ ಪ್ರಶ್ನೆಗಳಿಗೆ ಈ ಸಲ ಉತ್ತರ.

ಪ್ರಶ್ನೆ: ನಮ್ಮ ಯಜಮಾನರಿಗೆ ಕಿಡ್ನಿ ಕಸಿಯಾಗಿ ನಾಲ್ಕು ತಿಂಗಳಾಯಿತು. ಮೊದಲು ಶುಗರ್ ಇರಲಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿದರೆ 98, 104 ಹೀಗೆ ಬರುತ್ತದೆ. ಮೊನ್ನೆ ಸಂಜೆ ಸುಮ್ಮನೆ ನೋಡಿದೆವು, 246 ತೋರಿಸಿತು. ಮೀಟರ್ ಕೆಟ್ಟಿರಬಹುದೇ?

ಉತ್ತರ: ಬೆರಳಿಗೆ ಹಣ್ಣಿನ ರಸವೋ ಸಿಹಿಯೋ ಅಂಟಿದ್ದರೂ ಮೀಟರ್ ಹೆಚ್ಚು ತೋರಿಸುತ್ತದೆ. ಆದ್ದರಿಂದ ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು ಇನ್ನೊಮ್ಮೆ ನೋಡಿ. ಆಗಲೂ ಹಾಗೇ ಬಂದರೆ ಬೆಳಗಿನ ಅಂಕಿಯೂ ನಿಜ, ಸಂಜೆಯದೂ ನಿಜ.

ಕಾರಣ, ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ಕೊಡುವ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯ ವೇಳಾಪಟ್ಟಿ. ಬೆಳಿಗ್ಗೆ 8ಕ್ಕೆ ನುಂಗಿದ ಮಾತ್ರೆ ಶುಗರ್ ಏರಿಸುವುದು ಮಧ್ಯಾಹ್ನದಿಂದ ಸಂಜೆಯವರೆಗೆ. ರಾತ್ರಿ ಕಳೆಯುವಷ್ಟರಲ್ಲಿ ಅದರ ಪ್ರಭಾವ ಇಳಿದಿರುತ್ತದೆ, ಬೆಳಗಿನ ರಕ್ತ ಏನೂ ಆಗಿಲ್ಲವೆಂಬಂತೆ ಇರುತ್ತದೆ. ಖಾಲಿ ಹೊಟ್ಟೆಯ ಪರೀಕ್ಷೆಯೊಂದನ್ನೇ ನಂಬಿಕೊಂಡು ತಿಂಗಳುಗಟ್ಟಲೆ ನಿಶ್ಚಿಂತೆಯಿಂದ ಇರುವವರು ಬಹಳ.

ಸ್ಟೀರಾಯ್ಡ್ ಒಂದೇ ಅಲ್ಲ. ತಿರಸ್ಕಾರ ತಡೆಯುವ ಇನ್ನೊಂದು ಔಷಧಿಯಾದ ಟ್ಯಾಕ್ರೋಲಿಮಸ್, ಮೇದೋಜೀರಕದ ಬೀಟಾ ಕೋಶಗಳಿಂದ ಇನ್ಸುಲಿನ್ ಹೊರಬರುವುದನ್ನು ಕಡಿಮೆ ಮಾಡುತ್ತದೆ. ಸ್ಟೀರಾಯ್ಡ್, ಇರುವಷ್ಟು ಇನ್ಸುಲಿನ್‌ಗೂ ದೇಹ ಜಗ್ಗದಂತೆ ಮಾಡುತ್ತದೆ. ಮೂರನೆಯ ಪಾಲು ಹೊಸ ಕಿಡ್ನಿಯದು. ಕೆಟ್ಟ ಕಿಡ್ನಿಗೆ ಇನ್ಸುಲಿನ್ನನ್ನು ಒಡೆಯುವ ಶಕ್ತಿ ಇರುವುದಿಲ್ಲ, ಹಾಗಾಗಿ ಡಯಾಲಿಸಿಸ್ ಕಾಲದಲ್ಲಿ ಸ್ವಲ್ಪ ಇನ್ಸುಲಿನ್ನೇ ಹೆಚ್ಚು ಹೊತ್ತು ಉಳಿದು ಕೆಲಸ ನಡೆಸುತ್ತಿತ್ತು. ಚೆನ್ನಾಗಿ ನಡೆಯುವ ಕಿಡ್ನಿ ಅದನ್ನು ಬೇಗ ಒಡೆದುಹಾಕುತ್ತದೆ, ಜೊತೆಗೆ ತಾನೂ ಒಂದಷ್ಟು ಗ್ಲೂಕೋಸ್ ತಯಾರಿಸುತ್ತದೆ. ಮೊದಲೇ ಸಕ್ಕರೆ ಕಾಯಿಲೆ ಇದ್ದು ಡಯಾಲಿಸಿಸ್ ವೇಳೆ ಇನ್ಸುಲಿನ್ ನಿಂತುಹೋಗಿದ್ದವರಿಗೆ ಕಸಿಯ ನಂತರ ಅದು ಮತ್ತೆ ಬೇಕಾಗುವುದೂ ಇದರಿಂದಲೇ.

ಎರಡು ವಾರ ಹೀಗೆ ಮಾಡಿ: ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಮಧ್ಯಾಹ್ನದ ಊಟದ ಮೊದಲ ತುತ್ತಿನಿಂದ ಎರಡು ಗಂಟೆಗೆ, ರಾತ್ರಿ ಊಟಕ್ಕೆ ಮುಂಚೆ, ಹೀಗೆ ಮೂರು ಸಲ ನೋಡಿ. ಅಂಕಿಯ ಪಕ್ಕದಲ್ಲಿ ಆ ದಿನದ ಪ್ರೆಡ್ನಿಸೋಲೋನ್ ಎಷ್ಟು ಮಿ.ಗ್ರಾಂ., ಎಷ್ಟು ಹೊತ್ತಿಗೆ ಎಂದೂ ಬರೆಯಿರಿ. ಅದಿಲ್ಲದ ಪಟ್ಟಿ ವೈದ್ಯರಿಗೆ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ಪ್ರಯೋಗಾಲಯದಲ್ಲಿ ಖಾಲಿ ಹೊಟ್ಟೆಯಲ್ಲಿ 126 ಅಥವಾ ಮೇಲೆ, 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಗೆ 200 ಅಥವಾ ಮೇಲೆ ಬಂದರೆ ಸಕ್ಕರೆ ಕಾಯಿಲೆ ಎನ್ನುತ್ತಾರೆ. ಕಸಿಯಾದ ಮೊದಲ ಆರು ವಾರ ಬಹುತೇಕ ಎಲ್ಲರ ಶುಗರ್ ಏರುಪೇರಾಗುವುದರಿಂದ ಆಗ ಚಿಕಿತ್ಸೆ ಕೊಟ್ಟರೂ ಕಾಯಿಲೆಯ ಹೆಸರು ಹಚ್ಚುವುದಿಲ್ಲ. ನಿಮ್ಮವರಿಗೆ ಆ ಅವಧಿ ಮುಗಿದಿದೆ.

ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ನಾರ್ಮಲ್ ಬಂತೆಂದು ಈಗ ಬಿಡಬೇಡಿ. ರಕ್ತಹೀನತೆ, ರಕ್ತ ಕೊಡಿಸಿದ್ದು, ರಕ್ತ ಹೆಚ್ಚಿಸಲು ಕೊಡುವ ಎರಿಥ್ರೊಪೊಯಟಿನ್ ಇಂಜೆಕ್ಷನ್, ಹೊಸದಾಗಿ ಹುಟ್ಟುವ ಕೆಂಪು ರಕ್ತಕಣಗಳು, ಇವೆಲ್ಲ ಸೇರಿ ಮೊದಲ ಕೆಲವು ತಿಂಗಳು ಆ ಅಂಕಿಯನ್ನು ಕೆಳಗೆಳೆಯುತ್ತವೆ.

ಪ್ರಶ್ನೆ: ಶುಗರ್‌ಗೆ ಟ್ಯಾಕ್ರೋಲಿಮಸ್ಸೇ ಕಾರಣವಾದರೆ ಅದನ್ನು ಅರ್ಧಕ್ಕೆ ಇಳಿಸಿಕೊಳ್ಳಬಹುದಲ್ಲವೇ?

ಉತ್ತರ: ಬೇಡ. ಶುಗರ್ ಏರಿದರೆ ಔಷಧಿ ಇದೆ. ದೇಹ ಕಿಡ್ನಿಯನ್ನು ತಿರಸ್ಕರಿಸತೊಡಗಿದಾಗ ಮಾತ್ರ ಎಷ್ಟೋ ಸಲ ನೋವೂ ಇಲ್ಲ, ಜ್ವರವೂ ಇಲ್ಲ, ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಶ್ಮಲ) ಏರಿದಾಗಲೇ ಗೊತ್ತಾಗುವುದು. ಅದನ್ನು ತಡೆಯಲು ದೊಡ್ಡ ಡೋಸ್ ಮಿಥೈಲ್‌ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಕೊಡುತ್ತಾರೆ, ಆಗ ಶುಗರ್ ಇನ್ನೂ ಮೇಲೆ ಹೋಗುತ್ತದೆ. ಉಳಿಸಲು ಹೋದದ್ದು ಎರಡೂ ಕೈತಪ್ಪಿದಂತೆ.

ನಿಮ್ಮ ಕೈಯಲ್ಲಿರುವುದು ಲೆವೆಲ್ ಪರೀಕ್ಷೆಯನ್ನು, ಅಂದರೆ ರಕ್ತದಲ್ಲಿ ಔಷಧಿ ಎಷ್ಟಿದೆ ಎಂಬ ಪರೀಕ್ಷೆಯನ್ನು, ಸರಿಯಾಗಿ ಮಾಡಿಸುವುದು. ದಿನಕ್ಕೆರಡು ಸಲ ತೆಗೆದುಕೊಳ್ಳುವ ಟ್ಯಾಕ್ರೋಲಿಮಸ್ ಆದರೆ ಹಿಂದಿನ ರಾತ್ರಿಯ ಡೋಸ್‌ನಿಂದ 12 ಗಂಟೆಗೆ, ಬೆಳಗಿನ ಡೋಸ್ ನುಂಗುವ ಮೊದಲು ರಕ್ತ ಕೊಡಬೇಕು. ನುಂಗಿ ಹೋದರೆ ಲೆವೆಲ್ ಸುಳ್ಳೇ ಹೆಚ್ಚು ಬರುತ್ತದೆ, ಅದನ್ನು ನೋಡಿ ಡೋಸ್ ಇಳಿಸಿಬಿಟ್ಟಾರು. ಭೇದಿ ಹಿಡಿದಾಗ ಲೆವೆಲ್ ನಿಜವಾಗಿಯೇ ಏರಬಹುದು, ಆಗ ಅದೇ ದಿನ ತಿಳಿಸಿ. ಗ್ರೇಪ್‌ಫ್ರೂಟ್, ಚಕ್ಕೋತ ಮುಟ್ಟಬೇಡಿ. ಶುಗರ್‌ಗೆಂದು ಯಾರಾದರೂ ಕೊಡುವ ಗಿಡಮೂಲಿಕೆ ಪುಡಿಯನ್ನೂ ದೂರವಿಡಿ.

ಪ್ರಶ್ನೆ: ಮೆಟ್‌ಫಾರ್ಮಿನ್ ಕಿಡ್ನಿಗೆ ಕೆಟ್ಟದ್ದು ಎನ್ನುತ್ತಾರೆ. ಕಸಿಯಾದವರು ತೆಗೆದುಕೊಳ್ಳಬಾರದೇ?

ಉತ್ತರ: ಶುಗರ್ ಇಳಿಸುವ ಆ ಮಾತ್ರೆ ಕಿಡ್ನಿಯನ್ನು ಕೆಡಿಸುವುದಿಲ್ಲ. ಕಿಡ್ನಿ ಮಂದವಾಗಿದ್ದರೆ ಔಷಧಿ ಹೊರಹೋಗದೆ ಉಳಿದು, ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುವ ಅಪಾಯವಿದೆ. ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂದು ತೋರಿಸುವ ಇಜಿಎಫ್‌ಆರ್ ಅಂಕಿ 30ಕ್ಕಿಂತ ಕೆಳಗಿದ್ದರೆ ಕೊಡುವುದಿಲ್ಲ, 30ರಿಂದ 45ರ ನಡುವೆ ಹೊಸದಾಗಿ ಶುರು ಮಾಡುವುದಿಲ್ಲ. ವಾಂತಿ ಭೇದಿ ಇದ್ದರೆ, ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ಕೊಡುವ ದ್ರಾವಣ) ಹಾಕಿ ಸ್ಕ್ಯಾನ್ ಮಾಡುವುದಿದ್ದರೆ ನಿಲ್ಲಿಸಬೇಕೇ ಎಂದು ಕೇಳಿ. ಶುಗರ್‌ನ ಇನ್ನೆರಡು ಮಾತ್ರೆಗಳಲ್ಲಿ ಲಿನಾಗ್ಲಿಪ್ಟಿನ್‌ಗೆ ಕಿಡ್ನಿಯ ಲೆಕ್ಕದಲ್ಲಿ ಡೋಸ್ ಬದಲಿಸಬೇಕಿಲ್ಲ, ಸಿಟಾಗ್ಲಿಪ್ಟಿನ್‌ಗೆ ಬೇಕು.

ಪ್ರಶ್ನೆ: ಕಸಿಗೆ ಮುಂಚೆ 58 ಕಿಲೋ ಇದ್ದೆ. ಎಂಟು ತಿಂಗಳಲ್ಲಿ 67 ಆಗಿದ್ದೇನೆ. ಇದು ನೀರೋ, ಕೊಬ್ಬೋ? ಒಪ್ಪೊತ್ತು ಊಟ ಬಿಡಲೇ?

ಉತ್ತರ: ಡಯಾಲಿಸಿಸ್ ಮಾಡಿಸಿಕೊಂಡವರಿಗೆ ‘ಡ್ರೈ ವೇಟ್’ (ಹೆಚ್ಚುವರಿ ನೀರಿಲ್ಲದ ಮೈತೂಕ) ಎಂದರೇನೆಂದು ಹೇಳಿಕೊಡಬೇಕಿಲ್ಲ. ಅದೇ ಕಣ್ಣಲ್ಲಿ ನೋಡಿ. ಒಂದೆರಡು ದಿನದಲ್ಲಿ ಒಂದೂವರೆ ಎರಡು ಕಿಲೋ ಏರಿ, ಪಾದದ ಮೇಲೆ ಬೆರಳೊತ್ತಿದರೆ ಗುಳಿ ಬಿದ್ದರೆ, ಮೂತ್ರ ಕಡಿಮೆಯಾದರೆ ಅದು ನೀರು. ಆಸ್ಪತ್ರೆಗೆ ಅವತ್ತೇ ಫೋನ್ ಮಾಡಿ. ತಿಂಗಳಿಗೆ ಒಂದು ಕಿಲೋದಂತೆ ಏರಿದ್ದು ಹೆಚ್ಚಾಗಿ ಊಟದ್ದು. ದಿನಾ ಬೆಳಿಗ್ಗೆ ಮೂತ್ರ ಮಾಡಿ, ತಿಂಡಿಗೆ ಮೊದಲು, ಒಂದೇ ತಕ್ಕಡಿಯಲ್ಲಿ ತೂಗಿದರೆ ಮಾತ್ರ ಈ ವ್ಯತ್ಯಾಸ ಕಾಣುತ್ತದೆ.

ಊಟ ಹೆಚ್ಚಾಗುವುದು ನಾಲಿಗೆ ಚಪಲವೆಂದು ಬೈಯುವುದು ತಪ್ಪು. ಯೂರಿಯಾ ಇಳಿದು ಬಾಯಿರುಚಿ ಮರಳಿರುತ್ತದೆ, ಪೊಟ್ಯಾಸಿಯಂ ಭಯದಿಂದ ಬಿಟ್ಟ ಎಷ್ಟೋ ಪದಾರ್ಥಗಳಿಗೆ ಮತ್ತೆ ಅನುಮತಿ ಸಿಕ್ಕಿರುತ್ತದೆ, ಅದರ ಮೇಲೆ ಸ್ಟೀರಾಯ್ಡ್ ತರುವ ಹಸಿವು. ಯಾರೂ ಗಮನಿಸದ ಇನ್ನೊಂದು ದಾರಿಯಿದೆ. ‘ಚೆನ್ನಾಗಿ ನೀರು ಕುಡಿಯಿರಿ’ ಎಂದು ವೈದ್ಯರು ಹೇಳಿದ್ದು ಮನೆಯಲ್ಲಿ ಜ್ಯೂಸ್, ತಂಪು ಪಾನೀಯವಾಗಿಬಿಡುತ್ತದೆ. ಒಂದು ಲೋಟ, ಅಂದರೆ 250 ಮಿ.ಲೀ. ಹಣ್ಣಿನ ರಸದಲ್ಲಿ ಸುಮಾರು 25 ಗ್ರಾಂ ಸಕ್ಕರೆ. ದಿನಕ್ಕೆ ಮೂರು ಲೋಟವಾದರೆ 75 ಗ್ರಾಂ, ಶುಗರ್ ಪರೀಕ್ಷೆಗೆ ಕುಡಿಸುವ ಗ್ಲೂಕೋಸ್‌ನಷ್ಟೇ! ನೀರೆಂದರೆ ನೀರು. ಹಣ್ಣನ್ನು ತಿನ್ನಿ, ಹಿಂಡಬೇಡಿ.

ಊಟ ಬಿಡಬೇಡಿ, ಅದರಲ್ಲೂ ಶುಗರ್ ಇಳಿಸುವ ಔಷಧಿ ತೆಗೆದುಕೊಳ್ಳುತ್ತಿದ್ದರೆ. ತಟ್ಟೆಯ ಅರ್ಧಕ್ಕೆ ತರಕಾರಿ, ಕಾಲು ಭಾಗಕ್ಕೆ ಧಾನ್ಯ, ಕಾಲು ಭಾಗಕ್ಕೆ ಪ್ರೋಟೀನ್. ಶುಗರ್ ಏರುವ ಹೊತ್ತೇ ಮಧ್ಯಾಹ್ನವಾದ್ದರಿಂದ ಊಟವಾದ ಮೇಲೆ 15 ನಿಮಿಷ ನಡೆದರೆ ಬೆಳಗಿನ ನಡಿಗೆಗಿಂತ ಲಾಭ ಹೆಚ್ಚು. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ಭಾರ ಎತ್ತುವ ವ್ಯಾಯಾಮಕ್ಕೆ ಹೊಲಿಗೆ ಗಟ್ಟಿಯಾಗಿದೆಯೇ ಎಂದು ಶಸ್ತ್ರವೈದ್ಯರು ನೋಡಿ ಒಪ್ಪಬೇಕು. ತೂಕ ಇಳಿಸುವ ಇಂಜೆಕ್ಷನ್‌ಗಳನ್ನು ಕಸಿ ತಜ್ಞರಿಗೆ ತಿಳಿಸದೆ ಶುರು ಮಾಡಲೇಬಾರದು. ಅವುಗಳಿಂದ ವಾಂತಿಯಾದರೆ ನೀರೂ ಹೋಗುತ್ತದೆ, ನುಂಗಿದ ಮಾತ್ರೆಯೂ ಹೋಗುತ್ತದೆ.

ಪ್ರಶ್ನೆ: ಆಗಾಗ ಕೈ ನಡುಗುತ್ತದೆ. ಶುಗರ್ ಇಳಿದಿದೆ ಎಂದು ಸಿಹಿ ತಿನ್ನುತ್ತೇನೆ. ಇನ್ಸುಲಿನ್ ನಡೆಯುತ್ತಿದೆ.

ಉತ್ತರ: ನಡುಕ ಟ್ಯಾಕ್ರೋಲಿಮಸ್‌ನದೂ ಆಗಿರಬಹುದು. ಲೋಟ ಎತ್ತುವಾಗ, ಸಹಿ ಹಾಕುವಾಗ ಸಣ್ಣಗೆ ನಡುಗುತ್ತದೆ, ಬೆವರು ಬರುವುದಿಲ್ಲ. ಬೆವರು, ಎದೆಬಡಿತ, ದಿಢೀರ್ ಹಸಿವು, ಮಂಕು ಜೊತೆಗಿದ್ದರೆ ಶುಗರ್ ಇಳಿದಿರುವ ಸಂಭವ ಹೆಚ್ಚು. ಊಹೆಗಿಂತ ಮೀಟರ್ ಮೇಲು. 70ಕ್ಕಿಂತ ಕಡಿಮೆಯಿದ್ದರೆ 15 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕಲಸಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಇನ್ನೂ ಕಡಿಮೆಯಿದ್ದರೆ ಮತ್ತೊಮ್ಮೆ. ಮೀಟರ್ ಕೈಗೆ ಸಿಗದಿದ್ದರೆ ಕಾಯದೆ ಕುಡಿಯಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು.

ಶುಗರ್ ನಿಜವಾಗಿಯೂ ಇಳಿಯುತ್ತಿದ್ದರೆ ಇತ್ತೀಚೆಗೆ ಪ್ರೆಡ್ನಿಸೋಲೋನ್ ಕಡಿಮೆ ಮಾಡಿದ್ದಾರೆಯೇ ನೋಡಿ. 20 ಮಿ.ಗ್ರಾಂ. ಇದ್ದಾಗ ಲೆಕ್ಕ ಹಾಕಿದ ಇನ್ಸುಲಿನ್ 10 ಮಿ.ಗ್ರಾಂ.ಗೆ ಇಳಿದ ಮೇಲೂ ಹಾಗೇ ಮುಂದುವರಿದರೆ ಹೀಗಾಗುತ್ತದೆ. ಕಿಡ್ನಿ ವೈದ್ಯರು ಒಂದು ಚೀಟಿಯಲ್ಲಿ, ಶುಗರ್ ವೈದ್ಯರು ಇನ್ನೊಂದು ಚೀಟಿಯಲ್ಲಿ ಬರೆಯುವ ಕಡೆ ಇದು ತಪ್ಪಿಹೋಗುವುದು ಸುಲಭ. ಸ್ಟೀರಾಯ್ಡ್ ಇಳಿಸಿದ ದಿನವೇ, ಅಲ್ಲೇ ಕುಳಿತಿರುವಾಗಲೇ, ‘ನನ್ನ ಇನ್ಸುಲಿನ್ ಎಷ್ಟು ಯೂನಿಟ್ ಇಳಿಸಲಿ?’ ಎಂದು ಕೇಳಿ, ಉತ್ತರವನ್ನು ಚೀಟಿಯಲ್ಲೇ ಬರೆಸಿಕೊಳ್ಳಿ.