ಧರ್ಮ ಬೇರೆಯಿರುವ ಆಪ್ತ ಸಮಾಲೋಚಕರ ಬಳಿ ಹೋಗಬಹುದೇ?

ಕಲಬುರಗಿಯ ಮುಸ್ಲಿಂ ಕುಟುಂಬದವರಾದ ನಿಮಗೆ ಸಿಕ್ಕಿರುವ ಆಪ್ತ ಸಮಾಲೋಚಕರು ಲಿಂಗಾಯತರು. ನಮ್ಮ ಮನೆಯ ಸಂಗತಿ ಅವರಿಗೆ ತಿಳಿದೀತೇ ಎಂದು ಕೇಳಿದ್ದೀರಿ. ನಾನೂ ಇದೇ ಊರಿನಲ್ಲಿ ಇದೇ ಕೆಲಸ ಮಾಡುತ್ತೇನೆ, ಬೆಳೆದದ್ದು ಲಿಂಗಾಯತ ಮನೆಯಲ್ಲಿ. ಹೋಗಿ ಎಂದೇ ಹೇಳುತ್ತೇನೆ. ಆದರೆ ನಿಮ್ಮ ಅಳುಕಿಗೆ ಕಾರಣವಿದೆ.

ಮಗಳ ಮದುವೆ ಯಾವಾಗ ಆಗಬೇಕು, ಮಗನ ಸಂಬಳ ಯಾರ ಕೈ ಸೇರಬೇಕು, ತಂದೆಗೆ ಎದುರಾಡಬಹುದೇ ಎಂಬುದಕ್ಕೆಲ್ಲ ನಮ್ಮಂಥ ಸಮಾಲೋಚಕರ ಒಳಗೆ ಬಾಲ್ಯದಲ್ಲೇ ಉತ್ತರ ಕೂತಿರುತ್ತದೆ. ಅದು ನಮ್ಮ ಮನೆತನದ ಅಭಿಪ್ರಾಯ ಎಂದು ನಮಗೆ ಅನ್ನಿಸುವುದೇ ಇಲ್ಲ, ಲೋಕವೇ ಹಾಗೆ ಅನ್ನಿಸುತ್ತದೆ. ಅದರ ಮೇಲೆ ಓದಿನ ಪ್ರಭಾವ ಬೇರೆ. ‘ನಿಮಗೇನು ಬೇಕು’ ಎಂದು ಒಬ್ಬರನ್ನೇ ಕೂರಿಸಿ ಕೇಳುವುದನ್ನು ನಾವು ಕಲಿತಿದ್ದೇವೆ. ಪುಣೆಗೋ ಮುಂಬೈಗೋ ಕಟ್ಟಡದ ಕೆಲಸಕ್ಕೆ ಹೋಗುವ ತಾಂಡಾದ ಹುಡುಗನಿಗೆ ಮನೆಯ ಸಾಲವನ್ನು ಬಿಟ್ಟು ತನ್ನದೇ ಎನ್ನುವ ಬೇಡಿಕೆ ಹೊಳೆಯುವುದೇ ಕಷ್ಟ.

ಇನ್ನೊಂದು ಸಂಗತಿ ನನ್ನನ್ನು ಸದಾ ಎಚ್ಚರದಲ್ಲಿಡುತ್ತದೆ. ಮಗಳ ಮೈಮೇಲೆ ಬರುತ್ತದೆಂದು ಗಾಣಗಾಪುರಕ್ಕೆ ಕರೆದೊಯ್ದೆವು, ಬಂದೇ ನವಾಜ್ ದರ್ಗಾಕ್ಕೂ ಹೋಗಿ ಬಂದೆವು ಎಂದು ಮನೆಯವರು ಹೇಳುವಾಗ ಎದುರಿಗಿದ್ದವರ ಹುಬ್ಬು ಸ್ವಲ್ಪ ಮೇಲೇರಿದರೂ ಸಾಕು, ಮುಂದಿನ ಮಾತು ನಿಂತುಹೋಗುತ್ತದೆ. ಮಾತ್ರೆ ನಿಲ್ಲಿಸಿದ ವಿಷಯವೂ ಆಗ ಹೊರಬರುವುದಿಲ್ಲ.

ಹಾಗೆಂದು ನಮ್ಮವರೇ ಆದರೆ ಎಲ್ಲ ಸುಲಭ ಎನ್ನಲಾರೆ. ‘ಯಾರ ಪೈಕಿ’ ಎಂದು ಕೇಳಿದರೆ ಇಲ್ಲಿ ಎರಡು ಮಾತಿನಲ್ಲಿ ನೆಂಟಸ್ತಿಕೆ ಕುದುರುತ್ತದೆ. ಆಮೇಲೆ ಗುಟ್ಟು ಹೇಳಲು ಯಾರಿಗೆ ಧೈರ್ಯ ಬರುತ್ತದೆ? ನನ್ನ ಸಮುದಾಯದವರು ಬಂದಾಗ ‘ನಮ್ಮ ಮನೆಗಳು ನಿಮಗೆ ಗೊತ್ತೇ ಇವೆಯಲ್ಲ ಮೇಡಂ’ ಎಂದು ಮಾತನ್ನು ಅರ್ಧಕ್ಕೆ ಬಿಡುತ್ತಾರೆ. ಉಳಿದರ್ಧವನ್ನು ನಾನು ನನ್ನ ಮನೆಯಿಂದ ತುಂಬಿಕೊಳ್ಳುವ ಅಪಾಯ ದೊಡ್ಡದು, ಆದ್ದರಿಂದ ಪೂರ್ತಿ ಹೇಳಿ ಎಂದು ಒತ್ತಾಯಿಸುತ್ತೇನೆ. ನಿಮ್ಮಂಥವರು ಬಂದಾಗ ನಾನು ಕೇಳಿಯೇ ತಿಳಿಯಬೇಕಾಗುತ್ತದೆ. ಹಾಗೆ ವಿವರಿಸುತ್ತಿರುವಾಗಲೇ ತಮ್ಮ ಮನೆಯನ್ನು ಮೊದಲ ಬಾರಿಗೆ ಹೊರಗಿನಿಂದ ನೋಡಿದವರಿದ್ದಾರೆ.

ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯಲ್ಲಿ ಸಂಸ್ಕೃತಿಯ ಕುರಿತು 16 ಪ್ರಶ್ನೆಗಳ ಸಂದರ್ಶನವಿದೆ. ತೊಂದರೆಗೆ ಕಾರಣವೇನೆಂದು ನೀವು ನಂಬುತ್ತೀರಿ, ಈ ಮೊದಲು ಎಲ್ಲೆಲ್ಲಿ ನೆರವು ಕೇಳಿದ್ದೀರಿ ಎಂದು ಕೇಳುತ್ತಾ ಹೋಗಿ, ಕೊನೆಗೆ ನಮ್ಮಿಬ್ಬರ ಹಿನ್ನೆಲೆ ಬೇರೆಯಾದ್ದರಿಂದ ತಪ್ಪು ತಿಳಿವಳಿಕೆ ಆದೀತೆಂಬ ಚಿಂತೆ ಇದೆಯೇ ಎಂದೂ ಕೇಳುತ್ತದೆ. ನಿಮ್ಮ ಸಮಾಲೋಚಕರು ಅದನ್ನು ಕೇಳದಿದ್ದರೆ ಮೊದಲ ಭೇಟಿಯಲ್ಲಿ ನೀವೇ ಎತ್ತಿ. ಕನ್ನಡದಲ್ಲಿ ಅಳು ಬಾರದಿದ್ದರೆ ದಖನಿಯಲ್ಲೇ ಹೇಳಿಕೊಳ್ಳಿ, ಈ ಊರಿನಲ್ಲಿ ಅದು ತಿಳಿಯದವರು ಕಡಿಮೆ. ಅವರು ಕುತೂಹಲದಿಂದ ಆಲಿಸಿದರೆ ಮುಂದುವರಿಯಿರಿ. ಸಿಡುಕಿದರೆ, ಅಥವಾ ನಿಮ್ಮ ಧರ್ಮದ ಬಗ್ಗೆ ನಿಮಗೇ ಪಾಠ ಹೇಳಲು ಕೂತರೆ, ಬೇರೆಯವರನ್ನು ಹುಡುಕಲು ಹಿಂಜರಿಯಬೇಡಿ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ ಧರ್ಮ, ಜಾತಿ, ಸಂಸ್ಕೃತಿಯ ಭೇದವಿಲ್ಲದೆ ಚಿಕಿತ್ಸೆ ಪಡೆಯುವ ಹಕ್ಕು ಕೊಟ್ಟಿದೆ, 23ನೇ ಕಲಂ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ. ಭೇಟಿಯ ದಿನಕ್ಕೂ ಮೊದಲು ಯಾರೊಡನೆಯಾದರೂ ಮಾತನಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಅದು ಉಚಿತ, ಹಗಲು ರಾತ್ರಿ ಸಿಗುತ್ತದೆ.